ಹನ್ನೊಂದು ವಾರ

ಪರದೆಯ ಮೇಲೆ ಒಂಬತ್ತು ತಿಂಗಳು ಒಂದು ನೀಲಿ ಗೆರೆಯಾಗಿ ಮಲಗಿತ್ತು. ಗೆರೆಗೆ ಏಳು ಚುಕ್ಕಿ, ಪ್ರತಿ ಚುಕ್ಕಿಯ ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ಒಂದು ತಾರೀಖು, ಒಂದೆರಡು ಪದ. ಅರ್ಜಿ ಬಂದದ್ದು, ಮೊದಲ ಪರಿಶೀಲನೆ, ಅಧಿಕಾರಿ ಬದಲಾವಣೆ, ವಿಚಾರಣೆ, ಕಂಪನಿಯ ಆಕ್ಷೇಪಣೆ, ಮರುವಿಚಾರಣೆ, ಆದೇಶ. ಚುಕ್ಕಿಗಳ ನಡುವೆ ಎಲ್ಲ ಕಡೆಯೂ ಒಂದೇ ಅಂತರ. ಕಣ್ಣಿಗೆ ಹಿತವಾಗಿರಲಿ ಎಂದು ನಿರ್ದೇಶಕರೇ ಹೇಳಿ ಹಾಗೆ ಮಾಡಿಸಿದ್ದರು. ಸಭೆ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಖಾಲಿ ಕುರ್ಚಿಗಳ ನಡುವೆ ನಿಂತು ಅವನು ಮೂರನೆಯ ಚುಕ್ಕಿಯನ್ನೂ ನಾಲ್ಕನೆಯದನ್ನೂ ನೋಡುತ್ತಿದ್ದ. ಎರಡರ ನಡುವೆ ಒಂದು ಗೇಣು. ಮಿಕ್ಕ ಗೇಣುಗಳಲ್ಲಿ ಐದೋ ಆರೋ ವಾರ ಇದ್ದರೆ ಈ ಗೇಣಿನಲ್ಲಿ ಹನ್ನೊಂದು ವಾರ ಮಡಚಿಕೊಂಡು ಕೂತಿದ್ದವು. ಅವನ ಹೆಂಡತಿ ನೋಡಿದ್ದರೆ ಬಿಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟವಳು. ‘ಇದ್ಯಾವ ಸೀಮೆ ಗೆರೆ ರೀ, ಅಳತೆ ಬೇಡವಾ?’ ಎಂದು ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ ವಾಪಸು ಕೊಡುತ್ತಿದ್ದಳು. ಅವಳು ಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಕಚೇರಿಯಲ್ಲಿ ಅವನಿಗೆ ಪುಟಸಂಖ್ಯೆ ಎಂದು ಅಡ್ಡಹೆಸರು. ಪುಟಸಂಖ್ಯೆ ಹಾಕದ ಫೈಲನ್ನು ತೆರೆದೂ ನೋಡದೆ ಹಿಂದಕ್ಕೆ ಕಳಿಸುತ್ತಾನೆಂದು ಯಾವ ಕಾಲದಲ್ಲೋ ಯಾರೋ ಇಟ್ಟದ್ದು. ಬೆನ್ನ ಹಿಂದೆ ಆಡುವ ಆ ಹೆಸರು ಅವನ ಕಿವಿಗೂ ಬಿದ್ದಿತ್ತು. ಬಿದ್ದಾಗ ನೋಯುವುದರ ಬದಲು ಒಳಗೊಳಗೇ ಹಿಗ್ಗಿದ್ದ. ಪೇಟೆಂಟ್ ಕಚೇರಿಯ ಕಾನೂನು ಅಧಿಕಾರಿಗೆ ಅದಕ್ಕಿಂತ ಒಳ್ಳೆಯ ಬಿರುದು ಬೇಕೆ? ಯಾವುದನ್ನು ಯಾರು ಮೊದಲು ಕಂಡುಹಿಡಿದರು, ಎಷ್ಟು ವರ್ಷ ಅದು ಅವರೊಬ್ಬರ ಸ್ವತ್ತು, ಯಾವ ದಿನ ಅದು ಎಲ್ಲರದಾಗುತ್ತದೆ ಎಂದು ನೋಡಿ ಹೇಳುವುದು ಅವನ ಕೆಲಸ. ಈ ನೀಲಿ ಗೆರೆಯ ಪ್ರಕರಣ ಒಂದು ಮಾತ್ರೆಯದು. ರಕ್ತದ ಒಂದು ಕಾಯಿಲೆಯನ್ನು ತಡೆದು ನಿಲ್ಲಿಸುವ ಮಾತ್ರೆ. ಅದರ ಹಕ್ಕು ದೂರದ ಒಂದು ದೊಡ್ಡ ಕಂಪನಿಯದು. ಬೆಲೆ ಕೇಳಿದವರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಸುಮ್ಮನೆ ಅಂಗಡಿಯಿಂದ ಇಳಿದುಬಿಡುತ್ತಿದ್ದರು. ಹಕ್ಕುದಾರರು ಜನರ ಕೈಗೆಟುಕುವಂತೆ ಔಷಧ ಕೊಡದಿದ್ದರೆ ಬೇರೆಯವರು ಅದನ್ನು ತಯಾರಿಸಲಿ ಎಂದು ಸರ್ಕಾರವೇ ಅಪ್ಪಣೆ ಕೊಡಬಹುದು. ಕಡ್ಡಾಯ ಪರವಾನಗಿ ಎಂದು ಅದಕ್ಕೆ ಹೆಸರು. ಕಾನೂನಿನ ಪುಸ್ತಕದಲ್ಲಿದ್ದ ಆ ಕಲಮನ್ನು ಈ ಕಚೇರಿಯಲ್ಲಿ ಅಲ್ಲಿಯತನಕ ಯಾರೂ ಬಳಸಿರಲಿಲ್ಲ. ಊರಿನದೇ ಒಂದು ಸಣ್ಣ ಔಷಧ ಕಾರ್ಖಾನೆ ಅರ್ಜಿ ಹಾಕಿತು, ಒಂಬತ್ತು ತಿಂಗಳಿಗೆ ಆದೇಶ ಹೊರಬಿತ್ತು, ಮತ್ತೆ ಆರು ವಾರಕ್ಕೆ ಮಾತ್ರೆ ಅಂಗಡಿಗೆ ಬಂತು. ಈಗ ದೇಶದೇಶಗಳಿಂದ ಜನ ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿ ಕಲಿಯಲು ಬರುತ್ತಿದ್ದರು. ಅಭಿವೃದ್ಧಿಯ ಕೆಲಸ ಮಾಡುವ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಅವರನ್ನು ಕರೆತರುತ್ತಿತ್ತು, ಅವರಿಗೆ ಚೀಲ, ಪೆನ್ನು, ಕೊರಳಿಗೆ ಹೆಸರಿನ ಬಿಲ್ಲೆ ಕೊಡುತ್ತಿತ್ತು. ಅವನಿಗೂ ಇವತ್ತು ಒಂದು ಬಿಲ್ಲೆ ಕೊಟ್ಟಿದ್ದರು. ಅದರಲ್ಲಿ ಹುದ್ದೆ ತಪ್ಪಾಗಿತ್ತು, ‘ನಿರ್ಣಯಾಧಿಕಾರಿ’ ಎಂದಿತ್ತು. ನಿರ್ಣಯ ಮಾಡಿದವನು ಅವನಲ್ಲ. ಬಿಲ್ಲೆಯನ್ನು ತಿರುಗಿಸಿ ಹಾಕಿಕೊಂಡ. ಅದು ತಾನಾಗಿ ಮತ್ತೆ ಮುಂದಕ್ಕೆ ತಿರುಗಿತು.

ಮೊದಲು ಕಂಡದ್ದು ಹೆಂಡತಿಯ ಮುಂಗೈಯ ಮೇಲಿನ ಕಲೆ. ಕಪ್ಪುಹಲಗೆಯ ಮರದ ಕೈವಾರ ತಗುಲಿರಬೇಕು ಎಂದಳು. ಆಮೇಲೆ ತೊಡೆಯ ಮೇಲೊಂದು, ಅಲ್ಲಿಗೆ ಕೈವಾರ ಹೇಗೆ ಹೋದೀತು? ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಮಕ್ಕಳ ಕಣ್ಣಿಗೆ ಏದುಸಿರು ಬೀಳದಿರಲೆಂದು ಗೋಡೆಯ ಮೇಲಿನ ನಕಾಶೆ ನೋಡುತ್ತಿದ್ದಳಂತೆ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅವನು ಬಸ್ಸಿನಲ್ಲಿ ಬಿಡಿಸಿ ನೋಡಿದ. ಮಾತ್ರೆಯ ಹೆಸರು ಗೊತ್ತಿದ್ದದ್ದೇ. ಅದರ ಹಕ್ಕು ಮುಗಿಯುವ ತಾರೀಖು ಕೂಡ ಅವನಿಗೆ ಬಾಯಿಪಾಠ ಬರುತ್ತಿತ್ತು. ಇನ್ನೂ ಆರು ವರ್ಷ ನಾಲ್ಕು ತಿಂಗಳು. ಪಕ್ಕದಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳು, ‘ನಿಮ್ಮ ಆಫೀಸಲ್ಲಿ ನನ್ನ ಕಾಯಿಲೆಗೂ ಒಬ್ಬ ಯಜಮಾನ ಇದಾನಂತಲ್ಲ ರೀ,’ ಎಂದಿದ್ದಳು. ‘ಕಾಯಿಲೆಗಲ್ಲ, ಔಷಧಕ್ಕೆ,’ ಎಂದು ಅವನು ತಿದ್ದಿದ್ದ. ‘ಹಾಗಾದ್ರೆ ಕಾಯಿಲೆ ಪೂರ್ತಿ ನನ್ನದೇ ಅನ್ನಿ. ಅದಕ್ಕೆ ಯಾರ ತಕರಾರೂ ಇಲ್ಲ’ ಎಂದು ನಕ್ಕಳು. ಆ ತಿದ್ದುಪಡಿಯನ್ನು ಈಗ ನೆನೆದರೆ ಅವನಿಗೆ ಕಿವಿ ಬಿಸಿಯಾಗುತ್ತದೆ. ತಿದ್ದಬೇಕಾಗಿರಲಿಲ್ಲ. ನಕ್ಕಿದ್ದರೆ ಸಾಕಿತ್ತು. ಅವಳ ತಂಗಿ ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟವಳು. ಬಟ್ಟೆ ಕೊಡಲು ಬಂದವರಿಗೆಲ್ಲ ಅವಳು, ‘ನಮ್ಮ ಭಾವ ಅದೇ ಆಫೀಸಲ್ಲಿರೋದು. ಅಕ್ಕನ ಔಷಧಕ್ಕೆ ಅವರು ಏನಾದರೂ ದಾರಿ ಮಾಡೇ ಮಾಡ್ತಾರೆ’ ಎನ್ನುತ್ತಿದ್ದಳು. ಆ ಮಾತು ಸುತ್ತಿ ಬಳಸಿ ಅವನಿಗೇ ಬಂದು ತಲುಪಿದಾಗ ಕಾರ್ಖಾನೆಯ ಅರ್ಜಿ ಇನ್ನೂ ಬಂದಿರಲಿಲ್ಲ. ಬಂದದ್ದು ಎರಡು ತಿಂಗಳ ಮೇಲೆ. ನೇರ ಅವನ ಮೇಜಿಗೇ ಬಂತು.

ಮೊದಲ ಪರಿಶೀಲನೆಯನ್ನು ಅವನೇ ಮಾಡಿದ. ಪ್ರತಿ ಪುಟ ನೋಡಿದ. ಅರ್ಜಿ ಗಟ್ಟಿಯಾಗಿತ್ತು, ಇದಕ್ಕೆ ಪರವಾನಗಿ ಸಿಕ್ಕೇ ಸಿಗುತ್ತದೆ ಎಂದು ಎದೆ ಹೊಡೆದುಕೊಂಡಿತು. ಹೊಡೆದುಕೊಂಡ ಆ ಗಳಿಗೆಯಲ್ಲೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ನಾಳೆ ಕಂಪನಿಯ ವಕೀಲರು ಎದ್ದು ನಿಂತು, ‘ಈ ಅಧಿಕಾರಿಯ ಹೆಂಡತಿಗೇ ಈ ಕಾಯಿಲೆ ಸ್ವಾಮಿ’ ಎಂದರೆ? ಒಂದು ಬಿಳಿ ಹಾಳೆ ತೆಗೆದುಕೊಂಡು, ಈ ಪ್ರಕರಣದಲ್ಲಿ ತನ್ನ ಕುಟುಂಬಕ್ಕೆ ನೇರ ಹಿತಾಸಕ್ತಿ ಇರುವುದರಿಂದ ಫೈಲನ್ನು ಬೇರೆ ಅಧಿಕಾರಿಗೆ ವಹಿಸಬೇಕೆಂದು ಬರೆದ. ಅಕ್ಷರ ಮುತ್ತಿನ ಹಾಗೆ ಬಿದ್ದವು. ಒಂದು ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ: ಆ ಟಿಪ್ಪಣಿ ಬರೆಯುವಾಗ ಅವನಿಗೆ ಸುಖವಾಗಿತ್ತು. ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡಂಥ ಸುಖ. ನಿರ್ದೇಶಕರು ಟಿಪ್ಪಣಿ ಓದಿ, ‘ನಿಮ್ಮಂಥವರು ಹತ್ತು ಜನ ಇದ್ದಿದ್ರೆ ಈ ಇಲಾಖೆ ಉದ್ಧಾರ ಆಗೋದು’ ಎಂದು ಭುಜ ತಟ್ಟಿದರು. ಫೈಲು ಮೂರನೇ ಮಹಡಿಯ ಸಹೋದ್ಯೋಗಿಗೆ ಹೋಯಿತು.

ಬಾಗಿಲ ಹತ್ತಿರ ಸದ್ದಾಯಿತು. ನಿರ್ದೇಶಕರು ಅತಿಥಿಗಳನ್ನು ಒಳಗೆ ಕರೆತರುತ್ತಿದ್ದರು. ಒಟ್ಟು ಒಂಬತ್ತು ಜನ. ದಫ್ತರದ ಗುಮಾಸ್ತೆ, ನಿವೃತ್ತಿಗೆ ವರ್ಷವಷ್ಟೇ ಉಳಿದ ಹೆಂಗಸು, ಸ್ಲೈಡು ಬದಲಾಯಿಸಲು ಕಂಪ್ಯೂಟರಿನ ಮುಂದೆ ಬಂದು ಕೂತಳು. ಎಂದಿನಂತೆ ಅವಳ ಹೆಬ್ಬೆರಳಿಗೆ ಹಾಳೆ ಎಣಿಸುವ ರಬ್ಬರ್ ಟೋಪಿ ಇತ್ತು, ತೆಗೆಯಲು ಮರೆತಿದ್ದಳು. ನಿರ್ದೇಶಕರು ಅವನ ಹೆಗಲ ಮೇಲೆ ಕೈಯಿಟ್ಟು ಪರಿಚಯ ಮಾಡಿಕೊಟ್ಟರು. ‘ಈ ಪ್ರಕರಣದ ಮೊದಲ ಹೆಜ್ಜೆ ಇಟ್ಟವರು ಇವರು. ಒಂದು ಮಾತು ಹೇಳ್ಬೇಕು. ಇವರ ಮನೆಯವರೂ ಇದೇ ಕಾಯಿಲೆಯಿಂದ ತೀರಿಕೊಂಡ್ರು. ಆದೇಶ ಬರೋಕೆ ಮೂರೇ ಮೂರು ವಾರ ಇತ್ತು. ಆದ್ರೂ ಇವರು ಒಂದು ದಿನವೂ ಕೆಲಸ ತಪ್ಪಿಸಲಿಲ್ಲ.’ ಒಂಬತ್ತು ಮುಖಗಳು ಒಟ್ಟಿಗೆ ಮೆತ್ತಗಾದವು. ಯಾರೋ ನಾಲಿಗೆಯಲ್ಲಿ ಚ್ಚು ಚ್ಚು ಎಂದರು. ಬಟ್ಟೆ ಅಂಗಡಿಯಲ್ಲಿ ಅಂಗಿ ಬಿಚ್ಚಿ ಹೊಸದನ್ನು ತೊಟ್ಟು ನೋಡುತ್ತಿರುವಾಗ ಯಾರೋ ತಟ್ಟನೆ ಪರದೆ ಸರಿಸಿದಂತಾಯಿತು ಅವನಿಗೆ. ಗಂಟಲು ಸರಿಮಾಡಿಕೊಂಡು ಮೊದಲ ಚುಕ್ಕಿಯಿಂದ ಶುರುಮಾಡಿದ. ಎಷ್ಟೋ ಸಲ ಹೇಳಿದ ಮಾತು, ತಾನಾಗಿ ಬರುತ್ತಿತ್ತು. ಬಾಯಿ ಹೇಳುತ್ತಿರುವಾಗ ತಲೆ ಇನ್ನೊಂದನ್ನು ಕೂಡಿ ಕಳೆಯುತ್ತಿತ್ತು. ಹನ್ನೊಂದು ವಾರ ಇಲ್ಲದಿದ್ದರೆ ಆದೇಶ ಇಪ್ಪತ್ತೆಂಟನೇ ವಾರಕ್ಕೆ ಬರುತ್ತಿತ್ತು. ಕಾರ್ಖಾನೆಗೆ ಆರು ವಾರ. ಮೂವತ್ತನಾಲ್ಕಕ್ಕೆ ಮಾತ್ರೆ ಕೈಗೆ. ಅವಳು ಹೋದದ್ದು ಮೂವತ್ತಾರನೇ ವಾರ. ನಡುವೆ ಎರಡು ವಾರ. ಎರಡು ವಾರಕ್ಕೆ ಮಾತ್ರೆ ಹಿಡಿಯುತ್ತಿತ್ತೇ ಎಂದು ಡಾಕ್ಟರನ್ನು ಒಮ್ಮೆ, ಬೇರೆ ಯಾರದೋ ಸುದ್ದಿ ಎಂಬಂತೆ ಕೇಳಿದ್ದ. ‘ಕೆಲವರಿಗೆ ವಾರದಲ್ಲೇ ಹಿಡಿಯುತ್ತೆ. ಕೆಲವರಿಗೆ ಹಿಡಿಯೋದೇ ಇಲ್ಲ. ಹೇಳಕ್ಕಾಗಲ್ಲ’ ಎಂದಿದ್ದರು. ಅಂದಿನಿಂದ ಕೆಲವು ದಿನ ಅವನ ತಲೆಯಲ್ಲಿ ಅವಳು ಬದುಕಿಕೊಳ್ಳುತ್ತಿದ್ದಳು, ಕೆಲವು ದಿನ ಇಲ್ಲ. ಬದುಕಿಕೊಂಡ ದಿನಗಳೇ ಹೆಚ್ಚು ಕಷ್ಟ.

‘ಒಂದು ಪ್ರಶ್ನೆ.’ ಎರಡನೇ ಸಾಲಿನಿಂದ ಒಬ್ಬ ಹೆಂಗಸು ಕೈಯೆತ್ತಿದಳು. ಗಿಡ್ಡಗೆ ಕತ್ತರಿಸಿದ ನರೆಗೂದಲು, ಕೊರಳಿಗೆ ದಾರ ಕಟ್ಟಿಕೊಂಡ ಕನ್ನಡಕ. ಯಾವುದೋ ಚಿಕ್ಕ ದೇಶದ ಪೇಟೆಂಟ್ ಕಚೇರಿಯಿಂದ ಬಂದವಳು. ಅವನು ಇಲ್ಲಿ ಕೂರುವಂಥ ಕುರ್ಚಿಯಲ್ಲೇ ಅವಳು ಅಲ್ಲಿ ಕೂರುತ್ತಾಳೆಂದು ಅತಿಥಿಗಳ ಪಟ್ಟಿಯಲ್ಲಿತ್ತು. ಎದ್ದು ಪರದೆಯ ಹತ್ತಿರ ಬಂದು ಕನ್ನಡಕ ಏರಿಸಿ ಸಣ್ಣಕ್ಷರ ಓದಿದಳು. ‘ಈ ಮೂರಕ್ಕೂ ನಾಲ್ಕಕ್ಕೂ ನಡುವೆ ಎಪ್ಪತ್ತೇಳು ದಿನ ಇದೆಯಲ್ಲ. ಚಿತ್ರದಲ್ಲಿ ಕಾಣ್ತಿಲ್ಲ, ತಾರೀಖು ಹೇಳ್ತಿದೆ. ಆಗ ಏನಾಯ್ತು?’ ನಿರ್ದೇಶಕರು ಕುರ್ಚಿಯಲ್ಲಿ ಸ್ವಲ್ಪ ಅಲುಗಿದರು. ಗುಮಾಸ್ತೆ ತಲೆಯೆತ್ತಿ ನೇರವಾಗಿ ಅವನ ಮುಖ ನೋಡಿದಳು. ‘ಆಡಳಿತಾತ್ಮಕ ಕಾರಣಗಳು,’ ಎಂದ. ‘ಅಂದ್ರೆ?’ ‘ಅಧಿಕಾರಿ ಬದಲಾದರು. ಹೊಸಬರು ವಿಷಯ ತಿಳಿದುಕೊಳ್ಳೋಕೆ ಸಮಯ ಬೇಕಾಯ್ತು.’ ಹೆಂಗಸು ತನ್ನ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡಳು. ಅವನು ಮುಂದಿನದಕ್ಕೆ ಹೋಗೋಣ ಎಂದು ಕೈಸನ್ನೆ ಮಾಡಿದ. ಗುಮಾಸ್ತೆ ಅವನ ಮುಖದಿಂದ ಕಣ್ಣು ತೆಗೆದು ಗುಂಡಿ ಒತ್ತಿದಳು.

ಗುಮಾಸ್ತೆಗೆ ಗೊತ್ತಿತ್ತು. ಮೂರನೇ ಮಹಡಿಯ ಸಹೋದ್ಯೋಗಿ ಒಳ್ಳೆಯವನೇ. ಫೈಲು ಕೈಗೆ ಬಂದ ಐದನೇ ದಿನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋದ, ಹದಿನೈದು ದಿನ ಎಂದು ಹೋದವನಿಗೆ ಗಾಯ ಕೀವುಗಟ್ಟಿ ವಾರದ ಮೇಲೆ ವಾರ ಹಾಸಿಗೆ ಹಿಡಿಯುವಂತಾಯಿತು. ಫೈಲು ಅವನ ಕೋಣೆಯ ಕಪಾಟಿನ ನೆತ್ತಿಯಲ್ಲಿ ಉಳಿಯಿತು. ಬಾಗಿಲಿನ ಗಾಜಿನಿಂದ ಅದರ ಹಸಿರು ಲಾಡಿ ಕಾಣುತ್ತಿತ್ತು. ಮೇಲಿನ ನೀರು ಹೆಚ್ಚು ತಣ್ಣಗಿದೆ ಎಂಬ ನೆಪ ಮಾಡಿಕೊಂಡು ಅವನು ದಿನಾ ಬಾಟಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ, ಗಾಜಿನ ಹತ್ತಿರ ನಡಿಗೆ ನಿಧಾನ ಮಾಡುತ್ತಿದ್ದ, ಲಾಡಿ ನೋಡುತ್ತಿದ್ದ, ನೀರು ಹಿಡಿದು ಇಳಿಯುತ್ತಿದ್ದ. ನಾಲ್ಕನೇ ವಾರ ಗುಮಾಸ್ತೆ ಅವನನ್ನು ಅಲ್ಲೇ ತಡೆದಳು. ‘ಸಾರ್, ಸಾಹೇಬರು ಇನ್ನೂ ಒಂದೂವರೆ ತಿಂಗಳು ಬರಲ್ವಂತೆ. ನೀವೊಂದು ಚೀಟಿ ಬರೆದುಕೊಟ್ರೆ ಆ ಫೈಲು ಇವತ್ತೇ ಕೆಳಗೆ ಬರುತ್ತೆ. ನಿಯಮದಲ್ಲಿ ಇದೆಯಲ್ಲ ಸಾರ್, ನೀವೇ ಒಂದ್ಸಲ ನಮಗೆಲ್ಲ ಹೇಳಿಕೊಟ್ಟಿದ್ರಿ.’ ಅವನು, ‘ಅದು ಅಷ್ಟು ಸುಲಭ ಅಲ್ಲಮ್ಮ. ರೀತಿ ನೀತಿ ಅಂತ ಒಂದಿರುತ್ತೆ’ ಎಂದ. ಅವಳ ಕೈಯಲ್ಲಿ ಆಗಲೇ ಒಂದು ಖಾಲಿ ಚೀಟಿ ಇತ್ತು, ಅದನ್ನು ಸೆರಗಿನ ಮರೆಗೆ ಸರಿಸಿಕೊಂಡಳು. ಆ ಸರಿಸಿಕೊಂಡ ರೀತಿ ಅವನಿಗೆ ಇವತ್ತಿಗೂ ಊಟದ ನಡುವೆ ನೆನಪಾಗುತ್ತದೆ.

ನಿಯಮದಲ್ಲಿ ಇತ್ತು. ಹದಿನೇಳನೇ ನಿಯಮ, ಮೂರನೇ ಉಪನಿಯಮ: ಹದಿನೈದು ದಿನಗಳೊಳಗೆ ಬೇರೆ ಅಧಿಕಾರಿ ಲಭ್ಯವಾಗದಿದ್ದಲ್ಲಿ, ತನ್ನ ಹಿತಾಸಕ್ತಿಯನ್ನು ಬರಹದಲ್ಲಿ ಘೋಷಿಸಿ, ಮೊದಲಿನ ಅಧಿಕಾರಿಯೇ ಮುಂದುವರಿಯಬಹುದು. ‘ಮುಂದುವರಿಯತಕ್ಕದ್ದು’ ಎಂದಿದ್ದರೆ ಅವನು ಮರುಮಾತಿಲ್ಲದೆ ಮುಂದುವರಿಯುತ್ತಿದ್ದ. ‘ಬಹುದು’ ಎಂದಿತ್ತು. ಆ ಒಂದು ಬಹುದುವಿನ ಹಿಂದೆ ಅವನು ಎಪ್ಪತ್ತೇಳು ದಿನ ಬಚ್ಚಿಟ್ಟುಕೊಂಡ. ಹೆಸರು ಕೆಡುತ್ತದೆಂಬ ಭಯ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಫೈಲು ಬೇಕೆಂದು ಬರೆದುಕೊಟ್ಟರೆ ಅವಸರವಿದೆ ಎಂದು ಒಪ್ಪಿಕೊಂಡ ಹಾಗೆ. ಅವಸರವಿದೆ ಎಂದರೆ ಅವಳಿಗೆ ಹೆಚ್ಚು ದಿನವಿಲ್ಲ ಎಂದು ತನ್ನ ಕೈಯಾರೆ ಬರೆದ ಹಾಗೆ. ಬರೆಯದಿರುವಷ್ಟು ದಿನ ಅವಳಿಗೆ ಬೇಕಾದಷ್ಟು ಕಾಲವಿತ್ತು.

ಊಟದ ಹೊತ್ತು. ಎಲ್ಲರೂ ಗುಂಪು ಫೋಟೋ ತೆಗೆಸಿಕೊಳ್ಳಲು ಕಟ್ಟಡದ ಮುಂಭಾಗಕ್ಕೆ ಇಳಿದರು. ಅವನು ತಲೆನೋವೆಂದು ಹಿಂದುಳಿದು ಮೆಟ್ಟಿಲ ತಿರುವಿನಲ್ಲಿ ಕಿಟಕಿಗೆ ಆನಿಕೊಂಡು ನಿಂತಿದ್ದ. ಆ ನರೆಗೂದಲಿನ ಹೆಂಗಸು ಎರಡು ಲೋಟ ಕಾಫಿ ಹಿಡಿದು ಮೇಲೆ ಬಂದಳು, ಕೇಳದೆಯೇ ಒಂದನ್ನು ಅವನ ಕೈಗಿಟ್ಟಳು. ‘ನನಗೆ ಫೋಟೋ ಆಗಿಬರಲ್ಲ,’ ಎಂದಳು. ‘ನಿಮ್ಮ ಮನೆಯವರ ವಿಷಯ ಕೇಳಿ ಬೇಜಾರಾಯ್ತು. ಆ ಮನುಷ್ಯ ಅದನ್ನ ಅಷ್ಟು ಜನರ ಮುಂದೆ ಹೇಳಬಾರದಿತ್ತು.’ ಅಷ್ಟು ಸಾಕಾಯಿತು. ಯಾರಾದರೂ ಇಂಥದೊಂದು ಮಾತಾಡಲಿ ಎಂದು ಹದಿನಾಲ್ಕು ತಿಂಗಳಿಂದ ಕಾದಿದ್ದನೇನೋ. ಕಾಫಿಯ ಲೋಟವನ್ನು ಕಿಟಕಿಯ ಕಟ್ಟೆಗಿಟ್ಟು, ‘ನಾನು ಬೆಳಿಗ್ಗೆ ನಿಮಗೆ ಸುಳ್ಳು ಹೇಳಿದೆ’ ಎಂದ. ‘ಆ ಎಪ್ಪತ್ತೇಳು ದಿನ ಆಡಳಿತಾತ್ಮಕ ಕಾರಣ ಅಲ್ಲ. ಅದು ನಾನು.’ ಟಿಪ್ಪಣಿ, ಮೊಣಕಾಲು, ಹಸಿರು ಲಾಡಿ, ಉಪನಿಯಮ, ಎಲ್ಲ ಹೇಳಿದ. ಹೇಳುವಾಗ ಅವನ ಕಣ್ಣು ಅವಳ ಕನ್ನಡಕದ ದಾರದ ಮೇಲಿತ್ತು. ಕೆಳಗಿನಿಂದ ಫೋಟೋದವನು, ‘ಸ್ವಲ್ಪ ಒತ್ತಾಗಿ ನಿಂತ್ಕೊಳ್ಳಿ, ಇನ್ನೂ ಒತ್ತಾಗಿ’ ಎಂದು ಕೂಗುತ್ತಿರುವುದು ಕೇಳುತ್ತಿತ್ತು.

ಹೇಳಿ ಮುಗಿದ ಮೇಲೆ ಅವನು ಕಾದ. ಏನನ್ನು ಎಂದು ಅವನಿಗೇ ಗೊತ್ತಿರಲಿಲ್ಲ. ಬೈಗುಳವಾದರೂ ಆಗಬಹುದಿತ್ತು. ಅವಳು ಪುಸ್ತಕ ತೆಗೆದು ಬೆಳಿಗ್ಗೆ ಬರೆದುಕೊಂಡ ಸಾಲನ್ನು ಹುಡುಕಿ ಹೊಡೆದುಹಾಕಿದಳು. ‘ಉಪನಿಯಮದ ಸಂಖ್ಯೆ ಇನ್ನೊಂದ್ಸಲ ಹೇಳಿ.’ ಹೇಳಿದ. ಬರೆದುಕೊಂಡಳು. ‘ನಮ್ಮ ನಿಯಮದಲ್ಲಿ ಇಂಥದ್ದೇ ಇಲ್ಲ. ಹಾಕಿಸಬೇಕು. ಹದಿನೈದು ದಿನ ಜಾಸ್ತಿಯಾಯ್ತು, ಏಳು ಸಾಕು. ಬಹುದು ಅಂತಲೂ ಬೇಡ.’ ಪುಸ್ತಕ ಮುಚ್ಚಿದಳು. ‘ನನಗೆ ಸಮಾಧಾನ ಹೇಳೋಕೆ ಬರಲ್ಲ. ಹೇಳೋ ಅಧಿಕಾರವೂ ನನಗಿಲ್ಲ. ಆದ್ರೆ ಒಂದು ಹೇಳ್ತೀನಿ. ಇದೇ ಮಾತ್ರೆಗೆ ನಮ್ಮಲ್ಲೂ ಅರ್ಜಿ ಬಂದಿದೆ. ನನ್ನ ಮೇಜಿನ ಮೇಲಿದೆ. ಅದರಲ್ಲಿ ನಾನೂರ ಹನ್ನೆರಡು ರೋಗಿಗಳ ಹೆಸರಿದೆ, ಒಬ್ಬರೂ ನನ್ನ ಕಡೆಯವರಲ್ಲ. ನನಗೆ ಯಾವ ಅಡ್ಡಿಯೂ ಇಲ್ಲ. ಆದ್ರೂ ಐದು ವಾರದಿಂದ ಹಾಗೇ ಇದೆ. ಯಾಕೆ ಗೊತ್ತಾ? ಇಲ್ಲಿಗೆ ಬಂದು ನಿಮ್ಮನ್ನ ನೋಡಿ ಕಲಿತು ಹೋಗಿ, ಆಮೇಲೆ ಶುರುಮಾಡೋಣ ಅಂತ.’ ಅವಳ ದನಿಯಲ್ಲಿ ನಗುವಿನಂಥದೇನೋ ಇತ್ತು, ಮುಖದಲ್ಲಿ ಇರಲಿಲ್ಲ. ಖಾಲಿ ಲೋಟ ಅವನ ಕೈಗೆ ಕೊಟ್ಟು ಮೆಟ್ಟಿಲಿಳಿದು ಹೋದಳು. ಅವನ ಲೋಟದಲ್ಲಿ ಕಾಫಿಗೆ ಕೆನೆಗಟ್ಟಿತ್ತು.

ಮೂರು ಗಂಟೆಗೆ ನಿರ್ದೇಶಕರು ಅವನ ಕೋಣೆಗೇ ಬಂದರು. ಅವರು ಯಾರ ಕೋಣೆಗೂ ಬರುವವರಲ್ಲ. ‘ಆ ಮೇಡಂ ನಾಳೆ ಇರಲ್ವಂತೆ. ಸಂಜೆ ವಿಮಾನಕ್ಕೇ ಹೊರಟುಬಿಟ್ರು. ನಾಳೆ ಕಾರ್ಖಾನೆ ನೋಡೋದಿತ್ತು, ಸಮಾರೋಪ ಇತ್ತು, ಎಲ್ಲ ಬಿಟ್ಟು. ಏನ್ರೀ ಹೇಳಿದ್ರಿ ಅವರಿಗೆ?’ ‘ನಿಯಮ ಹೇಳಿದೆ ಸಾರ್.’ ‘ನಿಯಮ ಕೇಳಿ ಯಾರಾದ್ರೂ ಊರು ಬಿಡ್ತಾರೇನ್ರೀ?’ ನಿರ್ದೇಶಕರು ಅವನನ್ನು ಅನುಮಾನದಿಂದ ನೋಡಿ ಹೊರಟುಹೋದರು. ಸಂಜೆ ಹೊರಡುವಾಗ ಗುಮಾಸ್ತೆ ಹಾಜರಿ ಪುಸ್ತಕದ ಹತ್ತಿರ ನಿಂತಿದ್ದಳು. ಅವನಿಗೆ ಅವಳ ಹತ್ತಿರವೂ ಒಂದು ಮಾತು ಹೇಳಬೇಕೆನಿಸಿತು. ‘ಅಮ್ಮಾ, ಅವತ್ತು ನೀವು ಹೇಳಿದ್ದು ಸರಿಯಾಗಿತ್ತು,’ ಎಂದ. ಅವಳು ಹೆಬ್ಬೆರಳ ಟೋಪಿಯನ್ನು ತಿರುಗಿಸುತ್ತ, ‘ಗೊತ್ತು ಸಾರ್,’ ಎಂದಳು. ಅಷ್ಟೇ. ಸರಿಯಾಗಿದ್ದುದರಿಂದ ಅವಳಿಗೆ ಏನೂ ಸಿಕ್ಕಿರಲಿಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಮನೆಯಲ್ಲಿ ಮಗಳು ಆಗಲೇ ಬಂದಿದ್ದಳು. ಕಿವಿ ಪರೀಕ್ಷಿಸುವ ಕೆಲಸ ಅವಳದು. ಒಂದು ಸದ್ದಿಲ್ಲದ ಪೆಟ್ಟಿಗೆಯಂಥ ಕೋಣೆಯಲ್ಲಿ ಜನರನ್ನು ಕೂರಿಸಿ, ಸಣ್ಣದರಿಂದ ಸಣ್ಣ ದನಿ ಕೇಳಿಸಿ, ಕೇಳಿದಾಗ ಬೆರಳೆತ್ತಿ ಎನ್ನುತ್ತಾಳೆ. ದಿನವಿಡೀ ಅಂಥ ಮೌನದಲ್ಲಿದ್ದು ಬರುವವಳಿಗೆ ಮನೆಯಲ್ಲಿ ಮಾತು ಬೇಡವಿರಬಹುದು ಎಂದು ಅವನು ತಿಳಿದಿದ್ದ, ಅಥವಾ ಹಾಗೆ ತಿಳಿಯುವುದು ಅವನಿಗೆ ಅನುಕೂಲವಾಗಿತ್ತು. ತಾಯಿ ಹೋದಮೇಲೆ ಅವರಿಬ್ಬರ ನಡುವೆ ಹಾಲು, ಗ್ಯಾಸು, ಕರೆಂಟು ಇಷ್ಟೇ ಓಡಾಡುತ್ತಿದ್ದವು. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಬಂದು ಎದುರಿನ ಕುರ್ಚಿಯ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವನ ಹಾಗೆ ಕೂತ. ‘ನಿನಗೊಂದು ವಿಷಯ ಹೇಳ್ಬೇಕು.’ ‘ಹೇಳಿ.’ ‘ಅಮ್ಮನ ಔಷಧದ ಫೈಲು. ಅದನ್ನ ನಾನು ಬೇಗ ಮಾಡಿಸಬಹುದಿತ್ತು. ಮಾಡಿಸಲಿಲ್ಲ.’ ಮಗಳು ಮಡಚುತ್ತಿದ್ದ ಟವೆಲನ್ನು ಮಡಿಲಿಗಿಟ್ಟುಕೊಂಡಳು. ಅವನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಕೊನೆಗೆ, ಯಾಕೆಂದು ತಿಳಿಯದೆ, ‘ಇವತ್ತು ಹೊರದೇಶದಿಂದ ಬಂದ ಒಬ್ಬರಿಗೆ ಹೇಳಿದೆ. ಆಮೇಲೆ ನಿನಗೂ ಹೇಳ್ಬೇಕು ಅನ್ನಿಸ್ತು’ ಎಂದು ಸೇರಿಸಿದ.

‘ಅವರಿಗೆ ಹೇಳಿ ಆಮೇಲೆ ನನಗೆ?’

ಅವನು ಕುರ್ಚಿಯಲ್ಲಿ ಇನ್ನಷ್ಟು ಅಂಚಿಗೆ ಸರಿದ.

‘ಯಾರು ಅವರು? ಅಮ್ಮನ್ನ ನೋಡಿದ್ರಾ? ಅಮ್ಮನಿಗೆ ಒಂದು ಲೋಟ ನೀರು ಕೊಟ್ಟಿದ್ರಾ?’ ಮಗಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ‘ಹದಿನಾಲ್ಕು ತಿಂಗಳು ಈ ಮನೇಲಿ ಎದುರುಬದುರು ಕೂತು ಊಟ ಮಾಡಿದೀವಿ, ಅಪ್ಪ. ನೀವು ದುಃಖದಲ್ಲಿದೀರಿ ಅಂತ ನಾನು ಮಾತಾಡಿಸ್ತಿರಲಿಲ್ಲ.’

‘ದುಃಖವೂ ಇತ್ತಮ್ಮ.’

‘ಮೊದಲಿಂದ ಹೇಳಿ. ಈಗ ಹೇಳಿದ ಹಾಗಲ್ಲ. ನನಗೆ ಸಾರಾಂಶ ಬೇಡ. ತಾರೀಖು ಸಮೇತ ಹೇಳಿ.’

ಅವನು ಹೇಳಿದ. ಅರ್ಜಿ ಬಂದ ಸೋಮವಾರದಿಂದ ಶುರುಮಾಡಿ ಒಂದೊಂದೇ ದಿನ ತೆಗೆದಿಟ್ಟ. ಟಿಪ್ಪಣಿ ಬರೆಯುವಾಗ ಸುಖವಾಗಿದ್ದನ್ನು ಹೇಳಿದ. ಗುಮಾಸ್ತೆ ಚೀಟಿ ಸರಿಸಿಕೊಂಡದ್ದನ್ನು ಹೇಳಿದ. ಆ ದಿನಗಳನ್ನು ಮಗಳು ತನ್ನ ಕಡೆಯಿಂದ ತುಂಬಿಸುತ್ತಿದ್ದಳು: ‘ಆ ಶುಕ್ರವಾರ ಅಮ್ಮನಿಗೆ ಮೂಗಿಂದ ರಕ್ತ ಬಂದಿತ್ತು’, ‘ಆ ವಾರ ಅಮ್ಮ ಶಾಲೆಗೆ ರಜೆ ಚೀಟಿ ಕಳಿಸಿದ್ದು’. ಅವನ ತಾರೀಖುಗಳೂ ಅವಳವೂ ಒಂದರ ಪಕ್ಕ ಒಂದು ಬಂದು ಕೂರುತ್ತಿದ್ದವು. ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದ್ದು ಒದ್ದು ಸುಸ್ತಾಗಿ ತಳ್ಳಿಕೊಂಡು ಹೋದರು. ಮಗಳು ಕೇಳಿದಳು: ‘ಅಮ್ಮನಿಗೆ ಗೊತ್ತಿತ್ತಾ? ಫೈಲು ನಿಮ್ಮ ಹತ್ರ ಬಂದಿತ್ತು ಅಂತ?’

‘ಬಂದ ದಿನವೇ ಹೇಳಿದ್ದೆ. ತಡೆಯಕ್ಕಾಗಲಿಲ್ಲ, ಅಷ್ಟು ಖುಷಿಯಾಗಿತ್ತು.’

‘ಬೇರೆಯವರಿಗೆ ಕೊಟ್ಟಿದ್ದು?’

‘ಅದನ್ನ ಹೇಳಲಿಲ್ಲ.’

‘ಆಮೇಲೆ ಯಾವತ್ತೂ ಕೇಳಲಿಲ್ವಾ ಅವಳು?’

‘ಒಂದ್ಸಲ ಕೇಳಿದ್ಲು. ಫೈಲು ಮೇಲೆ ಹೋಗಿ ಎಂಟನೇ ವಾರ. ಪರೀಕ್ಷೆ ಪೇಪರು ತಿದ್ದುತ್ತಿದ್ಲು, ದಿಂಬಿಗೆ ಒರಗಿಕೊಂಡು. ಎಲ್ಲಿಗೆ ಬಂತು ರೀ ಅದು ಅಂದ್ಲು. ನಡೀತಿದೆ ಅಂದೆ.’

‘ಅದಕ್ಕೇನಂದ್ಲು?’

ಇದನ್ನು ಅವನು ಮೆಟ್ಟಿಲ ತಿರುವಿನಲ್ಲಿ ಹೇಳಿರಲಿಲ್ಲ. ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಅಲ್ಲಿಯತನಕ ಬಂದು ಪ್ರತಿಸಲ ಬೇರೆ ಕಡೆ ತಿರುಗಿಬಿಡುತ್ತಿದ್ದ. ‘ನಿಮ್ಮ ಹತ್ರ ಇದೆಯಲ್ಲ, ಇನ್ನೇನು ಯೋಚನೆ, ಅಂದ್ಲು.’ ಕೊನೆಯ ಪದ ಬಾಯಿಂದ ಅರ್ಧವೇ ಬಂತು. ‘ಅಂದು ಮತ್ತೆ ಪೇಪರು ತಿದ್ದಕ್ಕೆ ಶುರುಮಾಡಿದ್ಲು.’

ಮಗಳು ಎದ್ದಳು. ಮಡಿಲಿನ ಟವೆಲು ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು ಕೇಳಿತು, ನೀರು ಬಕೆಟ್ಟು ತುಂಬಿ ಹೊರಗೆ ಚೆಲ್ಲುವ ಸದ್ದೂ ಕೇಳಿತು. ಅವನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತ. ತಟ್ಟಲಿಲ್ಲ. ಕರೆಯಲೂ ಇಲ್ಲ, ಏನೆಂದು ಕರೆಯುವುದು? ಹಿಂದಿರುಗಿ ಹೋಗಿ ಕೂರುವುದು ಮಾತ್ರ ಸಾಧ್ಯವಿಲ್ಲ ಎನಿಸಿತು. ನೀರು ನಿಂತ ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಗಳ ಮುಖ, ಕೊರಳು, ಅಂಗಿಯ ಮುಂಭಾಗ ಒದ್ದೆಯಾಗಿತ್ತು.

‘ಇಲ್ಲೇ ನಿಂತಿದ್ರಾ?’

‘ಹೂಂ.’

ಅವಳು ಅವನನ್ನು ದಾಟಿ ನಡುಮನೆಗೆ ಬಂದಳು. ಟವೆಲು ಎತ್ತಿಕೊಂಡು ಮುಖ ಒರೆಸಿಕೊಂಡಳು. ಅವನ ಕಡೆಗೆ ಬೆನ್ನು ಮಾಡಿಯೇ, ‘ಚಿಕ್ಕಮ್ಮ ಇನ್ನೂ ಎಲ್ಲರ ಹತ್ರ ಹೇಳ್ತಾಳೆ,’ ಎಂದಳು. ‘ನಮ್ಮ ಭಾವ ಎಷ್ಟು ಓಡಾಡಿದ್ರು, ಅಕ್ಕನ ಅದೃಷ್ಟ ಸರಿಯಿರಲಿಲ್ಲ ಅಂತ. ಮೊನ್ನೆಯೂ ಅಂಗಡೀಲಿ ಯಾರಿಗೋ ಹೇಳ್ತಿದ್ಲು, ನಾನು ಅಲ್ಲೇ ಇದ್ದೆ. ಅವಳಿಗೆ ನಾನು ಹೇಳಲ್ಲ ಅಪ್ಪ. ನೀವೇ ಹೇಳ್ಬೇಕು.’

‘ಹೇಳ್ತೀನಿ. ಭಾನುವಾರ ಹೋಗಿ...’

ಮಗಳು ತಿರುಗಿ ನೋಡಿದಳು.

ಅವನು ಮಾತು ನಿಲ್ಲಿಸಿದ. ಜೇಬಿನಿಂದ ಫೋನು ತೆಗೆದ. ಕೊರಳಿನಲ್ಲಿ ಇನ್ನೂ ನೇತಾಡುತ್ತಿದ್ದ ಬಿಲ್ಲೆಯ ದಾರ ಕೈಗೆ ತೊಡರಿತು, ಬಿಡಿಸಿಕೊಂಡ. ನಾದಿನಿಯ ಸಂಖ್ಯೆ ಒತ್ತಿ ಕಿವಿಗೆ ಹಿಡಿದ. ಮೂರು ಸಲ ರಿಂಗಾಯಿತು. ಆ ಕಡೆ ಹೊಲಿಗೆ ಯಂತ್ರದ ಸದ್ದು ಓಡುತ್ತ ಬಂದು ತಟ್ಟನೆ ನಿಂತಿತು. ‘ಹೇಳಿ, ಭಾವ,’ ಎಂದಳು ಅವಳು.